ಜೆಟ್ ಸ್ಕೀ ಇಂಜಿನ್ ನಿಜಕ್ಕೂ ಸೀಜ್ ಆಗಿದೆಯಾ? ಉದ್ದ ಪೈಪ್ ಹಾಕುವ ಮುಂಚೆ ಇಷ್ಟು ನೋಡಿ

ಪ್ರಶ್ನೆ: 1990ರ ದಶಕದ ಹಳೇ ಜೆಟ್ ಸ್ಕೀ (ನೀರಿನ ಮೇಲೆ ಓಡಿಸುವ ಬೈಕಿನಂಥ ಗಾಡಿ) ಒಂದನ್ನು ಕೊಂಡಿದ್ದೇನೆ. ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್. ಎರಡು ವರ್ಷ ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತು. ಸ್ಟಾರ್ಟ್ ಬಟನ್ ಒತ್ತಿದರೆ ‘ಟಕ್’ ಅಂತ ಒಂದೇ ಸದ್ದು, ಇಂಜಿನ್ ತಿರುಗುವುದಿಲ್ಲ. ನೋಡಿದವರೊಬ್ಬರು ಸೀಜ್ ಆಗಿದೆ, ಅಂದರೆ ಒಳಗೆ ಕಚ್ಚಿಕೊಂಡು ತಿರುಗದಂತಾಗಿದೆ, ಇಂಜಿನ್ನೇ ಬದಲಾಯಿಸಿ ಎಂದರು. ಇನ್ನೊಬ್ಬರು ಸ್ಪ್ಯಾನರಿಗೆ ಉದ್ದ ಪೈಪ್ ಸಿಕ್ಕಿಸಿ ಜೋರಾಗಿ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಲಿ? ಈ ಗಾಡಿಗೆ ದುಡ್ಡು ಹಾಕುವುದು ಸರಿಯೇ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ‘ಟಕ್’ ಎಂಬ ಒಂದು ಸದ್ದು ಕೇಳಿ ಇಂಜಿನ್ ಸೀಜ್ ಆಗಿದೆ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ನನ್ನ ಬೆಂಚಿಗೆ ‘ಸೀಜ್’ ಎಂಬ ಚೀಟಿ ಹೊತ್ತು ಬಂದ ಗಾಡಿಗಳಲ್ಲಿ ಬ್ಯಾಟರಿ ಸತ್ತವು ಇದ್ದವು, ನೀರನ್ನು ಹಿಂದಕ್ಕೆ ಚಿಮ್ಮಿ ಗಾಡಿಯನ್ನು ಮುಂದೆ ತಳ್ಳುವ ಪಂಪಿನಲ್ಲಿ ಹಗ್ಗ ಸುತ್ತಿಕೊಂಡವು ಇದ್ದವು, ಸಿಲಿಂಡರಿನಲ್ಲಿ ನೀರು ತುಂಬಿದವೂ ಇದ್ದವು. ಅವುಗಳ ಇಂಜಿನ್ ಚೆನ್ನಾಗಿಯೇ ಇತ್ತು. ಆ ಉದ್ದ ಪೈಪನ್ನಂತೂ ದಯವಿಟ್ಟು ಎತ್ತಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸೀಟು ತೆಗೆದು ಗಾಡಿಯನ್ನು ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಜೆಟ್ ಸ್ಕೀಯ ಹೊಟ್ಟೆ ಮುಚ್ಚಿದ ಡಬ್ಬ ಇದ್ದ ಹಾಗೆ. ಹಳೇ ಪೈಪಿನಿಂದ ಸೋರಿದ ಪೆಟ್ರೋಲಿನ ಆವಿ ತಳದಲ್ಲೇ ಕೂತಿರುತ್ತದೆ, ಒಂದು ಕಿಡಿ ಸಾಕು. ವಾಸನೆ ಹೋದ ಮೇಲೆ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಬಟನ್ ಒತ್ತಿದಾಗ ಅದು 9 ವೋಲ್ಟಿಗಿಂತ ಕೆಳಗೆ ಬಿದ್ದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. ಎರಡು ವರ್ಷ ನಿಂತ ಗಾಡಿ ಅಲ್ವಾ, ಬ್ಯಾಟರಿ ಸತ್ತಿದ್ದರೆ ಆಶ್ಚರ್ಯವಿಲ್ಲ. ಇಂಜಿನ್ನಿಗೆ ಹೋಗುವ ಅರ್ತ್ ವೈರಿನ ಬುಡದಲ್ಲಿ ಹಸಿರು ಕಿಲುಬು ಇದ್ದರೂ ಇದೇ ‘ಟಕ್’ ಸದ್ದು ಬರುತ್ತದೆ. ಕೆರೆದು ಬಿಗಿ ಮಾಡಿ, ಒಳ್ಳೆಯ ಬ್ಯಾಟರಿ ಕೊಟ್ಟು ಒಂದೇ ಸಲ ಬಟನ್ ಒತ್ತಿ ನೋಡಿ. ತಿರುಗದಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಒಳಗೆ ನೀರು ಅಥವಾ ಮುರಿದ ಚೂರು ಇದ್ದರೆ ಪ್ರತಿ ಸಲವೂ ಹಾನಿ ಜಾಸ್ತಿ ಆಗುತ್ತದೆ.

ಈಗ ಬ್ಯಾಟರಿಯ ಕಪ್ಪು ವೈರ್ ಕಳಚಿ, ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಬಿಚ್ಚಿದ ಪ್ಲಗ್‌ಗಳನ್ನು ಯಾವ ಸಿಲಿಂಡರಿನದು ಯಾವುದು ಎಂದು ಗುರುತು ಮಾಡಿ ಬಿಳಿ ಬಟ್ಟೆಯ ಮೇಲೆ ಇಡಿ. ಎರಡೂ ಕಂದು ಬಣ್ಣಕ್ಕಿದ್ದು ಸ್ವಲ್ಪ ಎಣ್ಣೆ ಜಿಡ್ಡು ಇದ್ದರೆ ಒಳ್ಳೆಯ ಸುದ್ದಿ. ಒಂದು ಮಾತ್ರ ಬೆಳ್ಳಗೆ ಸುಟ್ಟಂತಿದ್ದರೆ ಆ ಸಿಲಿಂಡರಿಗೆ ಪೆಟ್ರೋಲ್ ಸಾಕಾಗಿಲ್ಲ. ಪ್ಲಗ್ಗಿನ ತುದಿಯಲ್ಲಿ ಬೆಳ್ಳಿ ಪುಡಿ ಉದುರಿಸಿದಂಥ ಸಣ್ಣ ಚುಕ್ಕೆಗಳು ಮಿನುಗಿದರೆ ಅದು ಕರಗಿದ ಪಿಸ್ಟನ್ನಿನ ಅಲ್ಯೂಮಿನಿಯಂ. ತುದಿ ಜಜ್ಜಿ ಹೋಗಿದ್ದರೆ ಒಳಗೆ ಏನೋ ಮುರಿದು ಓಡಾಡಿದೆ. ತುಕ್ಕಿನ ಕೆಂಪು ಇದ್ದರೆ ನೀರು ಹೋಗಿದೆ.

ಪ್ಲಗ್ ಬಿಚ್ಚಿದ ಮೇಲೆ ತಿರುಗಿಸಿದರೆ ಇಂಜಿನ್ ತಿರುಗಿ ತೂತಿನಿಂದ ನೀರು ಚಿಮ್ಮುವುದೂ ಉಂಟು. ಹಾಗಾದರೆ ಅದು ಸೀಜ್ ಆಗಿರಲೇ ಇಲ್ಲ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ನೀರು ತುಂಬಿದರೆ ಇಂಜಿನ್ ಕಲ್ಲಿನಂತೆ ನಿಂತುಬಿಡುತ್ತದೆ. ಇದಕ್ಕೆ ಮುಖ್ಯ ಕಾರಣ ತೊಳೆಯುವ ತಪ್ಪು. ಪೈಪಿನಿಂದ ನೀರು ಕೊಟ್ಟು ತೊಳೆಯುವಾಗ ಮೊದಲು ಇಂಜಿನ್ ಸ್ಟಾರ್ಟ್ ಆಗಬೇಕು, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಇಂಜಿನ್. ಇಂಜಿನ್ ನಿಂತಿರುವಾಗ ನೀರು ಬಿಟ್ಟರೆ ಅದನ್ನು ಹೊರಗೆ ತಳ್ಳಲು ಹೊಗೆ ಇರುವುದಿಲ್ಲ. ನೀರು ಎಕ್ಸಾಸ್ಟ್ ತುಂಬಿ, ಹಿಂದಕ್ಕೆ ಸಿಲಿಂಡರಿಗೆ ಇಳಿಯುತ್ತದೆ. ನೀರು ಹೊರಹಾಕಲು ಸೆಲ್ಫ್ ಹೊಡೆಯುವುದಾದರೆ ಪ್ಲಗ್ ಕ್ಯಾಪ್‌ಗಳನ್ನು ಅರ್ತ್ ಮಾಡಿ, ತೂತುಗಳ ಮೇಲೆ ಬಟ್ಟೆ ಹಾಕಿ, ಆಮೇಲೆ ಬ್ಯಾಟರಿ ವೈರ್ ಜೋಡಿಸಿ, ಮುಖ ದೂರ ಇಡಿ. ಬರುವುದು ಬರೀ ನೀರಲ್ಲ, ಪೆಟ್ರೋಲೂ ಸೇರಿರುತ್ತದೆ.

ನೀರು ಬರಲಿಲ್ಲ, ಇಂಜಿನ್ನೂ ತಿರುಗಲಿಲ್ಲ ಎಂದಿಟ್ಟುಕೊಳ್ಳೋಣ. ಬ್ಯಾಟರಿ ವೈರ್ ಕಳಚಿಯೇ ಇರಲಿ. ಕೈಗವಸು ಹಾಕಿಕೊಂಡು ಇಂಜಿನ್ನಿಗೂ ಪಂಪಿಗೂ ನಡುವೆ ಇರುವ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ. ಇಲ್ಲಿ ಅವಸರ ಬೇಡ. ಪೂರ್ತಿ ತಿರುಗಿಸಬೇಕು ಎಂಬ ಆಸೆಯೂ ಬೇಡ. ಅದು ಹೇಗೆ ನಿಲ್ಲುತ್ತದೆ ಎಂಬುದನ್ನು ಕೈ ಕೇಳಿಸಿಕೊಳ್ಳಬೇಕು. ಕೂದಲೆಳೆಯಷ್ಟೂ ಅಲುಗದೆ ಗೋಡೆಯ ಹಾಗೆ ಇದ್ದರೆ ತುಕ್ಕು ಅಥವಾ ಪಿಸ್ಟನ್ ಹಿಡಿದುಕೊಂಡಿದೆ. ಕಾಲು ಸುತ್ತು ಬಂದು ಪ್ರತಿ ಸಲವೂ ಒಂದೇ ಜಾಗದಲ್ಲಿ ‘ಠಣ್’ ಎಂದು ನಿಂತರೆ ಮುರಿದ ರಿಂಗಿನ (ಪಿಸ್ಟನ್ ಸುತ್ತಲಿನ ಲೋಹದ ಬಳೆ) ಚೂರು ಪೋರ್ಟಿಗೆ (ಸಿಲಿಂಡರ್ ಗೋಡೆಯ ಕಿಟಕಿ) ಸಿಕ್ಕಿಕೊಂಡಿರಬಹುದು. ಮರಳು ಅರೆದಂತೆ ಕರಕರ ಎನ್ನುತ್ತಾ ತಿರುಗಿದರೆ ಬೇರಿಂಗ್. ಹಗ್ಗ ಎಳೆದಂತೆ ಬಿಗಿಯಾಗುತ್ತಾ ಹೋಗಿ ಬಿಟ್ಟರೆ ಹಿಂದಕ್ಕೆ ಬಂದರೆ, ಅದು ಹೆಚ್ಚಾಗಿ ಪಂಪಿನ ಕಡೆಯ ತೊಂದರೆ. ನಾಲ್ಕಾರು ಗಾಡಿ ನೋಡಿದ ಮೇಲೆ ಈ ವ್ಯತ್ಯಾಸ ಕೈಗೆ ತಾನಾಗಿಯೇ ಬರುತ್ತದೆ.

ಮುಂದೆ ಸೆಲ್ಫ್ ಮೋಟರ್ ಬಿಚ್ಚಿ ಪಕ್ಕಕ್ಕಿಡಿ. ಅದರ ಮುಂದಿನ ಸಣ್ಣ ಗೇರ್ ತುಕ್ಕು ಹಿಡಿದು, ಹೊರಗೆ ಬಂದು, ಫ್ಲೈವೀಲಿನ ಹಲ್ಲಿಗೆ ಸಿಕ್ಕಿ ಹಾಗೇ ಉಳಿದುಬಿಟ್ಟರೆ ಇಡೀ ಇಂಜಿನ್ ಬಂಧಿ. ಎರಡು ಮೂರು ಬೋಲ್ಟಿನ ಕೆಲಸ ಇದು, ಆದರೂ ಬಹಳ ಜನ ಇದನ್ನು ಬಿಟ್ಟು ನೇರವಾಗಿ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಲು ಹೋಗುತ್ತಾರೆ.

ಆಮೇಲೆ ಪಂಪ್. ಗಾಡಿಯ ಹೊಟ್ಟೆ ಕೆಳಗಿನ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿ. ಇಂಪೆಲ್ಲರ್, ಅಂದರೆ ನೀರು ತಳ್ಳುವ ಫ್ಯಾನಿನ ಎಲೆಗಳಿಗೂ ಅದರ ಸುತ್ತಲಿನ ಉಂಗುರಕ್ಕೂ ನಡುವೆ ಇರುವುದು ಮಿಲಿಮೀಟರಿಗಿಂತ ಕಡಿಮೆ ಸಂದು. ಒಂದು ಬೆಣಚುಕಲ್ಲು ಸಾಕು ಅದು ಜಾಮ್ ಆಗಲು. ಹಗ್ಗ, ಜೊಂಡು, ಮೀನಿನ ಬಲೆಯ ತುಂಡು ಶಾಫ್ಟಿಗೆ ಸುತ್ತಿ ಬಿಸಿಗೆ ಕರಗಿ ಗಟ್ಟಿಯಾಗಿರುವುದನ್ನೂ ನೋಡಿದ್ದೇನೆ. ಮೇಲಿನಿಂದ ಏನೂ ಕಾಣದಿದ್ದರೂ ಪಂಪಿನ ಒಳಗಿನ ಬೇರಿಂಗ್ ತುಕ್ಕು ಹಿಡಿದಿರಬಹುದು. ಹಾಗಾಗಿ ಸ್ಟಿಯರಿಂಗ್ ಮತ್ತು ರಿವರ್ಸ್ ಕೇಬಲ್ ಕಳಚಿ, ಪಂಪಿನ ನಟ್‌ಗಳನ್ನು ತೆಗೆದು ಇಡೀ ಪಂಪನ್ನು ಹಿಂದಕ್ಕೆ ಎಳೆದುಬಿಡುವುದು ಒಳ್ಳೆಯದು. ಈಗ ಇಂಜಿನ್ ಒಂಟಿ. ತಿರುಗಿತೋ, ತೊಂದರೆ ಇದ್ದದ್ದು ಪಂಪಿನಲ್ಲಿ. ತಿರುಗಲಿಲ್ಲವೋ, ಈಗ ಧೈರ್ಯವಾಗಿ ಸೀಜ್ ಎನ್ನಬಹುದು.

ಹೆಸರಿನ ಬಗ್ಗೆ ಒಂದು ಮಾತು. ಜೆಟ್ ಸ್ಕೀ ಎಂಬುದು ಕವಾಸಾಕಿ ಕಂಪನಿ 1973ರಲ್ಲಿ ನಿಂತು ಓಡಿಸುವ ಗಾಡಿಗೆ ಇಟ್ಟ ಹೆಸರು. ಈಗ ನಾವೆಲ್ಲ ಎಲ್ಲ ಕಂಪನಿಯ ಗಾಡಿಗೂ ಅದನ್ನೇ ಹೇಳುತ್ತೇವೆ. ಬಿಡಿಭಾಗ ತರಿಸುವಾಗ ಮಾತ್ರ ‘ಜೆಟ್ ಸ್ಕೀಗೆ ಬೇಕು’ ಎನ್ನದೆ ಕಂಪನಿ, ಮಾಡೆಲ್, ಇಂಜಿನ್ ಸಿಸಿ, ವರ್ಷ ಎಲ್ಲ ಹೇಳಿ. ಒಂದೇ ಹೊರಮೈಯಲ್ಲಿ ಬೇರೆ ಬೇರೆ ಇಂಜಿನ್ ಬಂದ ಮಾಡೆಲ್‌ಗಳಿವೆ.

ನಿಜವಾಗಿ ಸೀಜ್ ಆಗಿದ್ದರೆ ಹೆಡ್ ಬಿಚ್ಚುವ ಮುಂಚೆ ನಾನು ಎಕ್ಸಾಸ್ಟ್ ಬಿಚ್ಚುತ್ತೇನೆ. ಟೂ ಸ್ಟ್ರೋಕ್ ಇಂಜಿನ್ನಿನ ದೊಡ್ಡ ಅನುಕೂಲ ಇದು. ಅದರಲ್ಲಿ ವಾಲ್ವ್ ಬದಲು ಸಿಲಿಂಡರ್ ಗೋಡೆಯಲ್ಲೇ ಕಿಟಕಿಗಳಿರುತ್ತವೆ. ಎಕ್ಸಾಸ್ಟ್ ತೆಗೆದರೆ ಆ ಕಿಟಕಿಯಿಂದ ಪಿಸ್ಟನ್ ಮೈ ಕಾಣುತ್ತದೆ. ಕಾಣುವುದು ಅಂಗೈ ಅಗಲದಷ್ಟೂ ಇಲ್ಲ, ಆದರೆ ಇಡೀ ಕಥೆ ಅಲ್ಲಿರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಚೆನ್ನಾಗಿರುವ ಪಿಸ್ಟನ್ ಮೈ ಮಾಸಿದ ಬೂದು ಬಣ್ಣಕ್ಕಿದ್ದು, ಕಂಪನಿ ಕೊರೆದ ಸಣ್ಣ ಅಡ್ಡ ಗೆರೆಗಳು ಇನ್ನೂ ಕಾಣುತ್ತಿರುತ್ತವೆ. ಕೆಟ್ಟದ್ದರಲ್ಲಿ ಉದ್ದುದ್ದ ಗೀರುಗಳು, ಮೇಣ ಸವರಿದಂತೆ ಹರಡಿದ ಲೋಹ. ಕೈ ಹೋಗುವಷ್ಟು ಜಾಗ ಇದ್ದರೆ ಉಗುರು ತುದಿಯಿಂದ ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಪಿಸ್ಟನ್ನಿನ ಕೆಲಸ ಮುಗಿದಿದೆ.

ಗೀರು ಎಲ್ಲಿದೆ ಎಂಬುದರ ಮೇಲೆ ಕಾರಣ ತಿಳಿಯುತ್ತದೆ. ಎಕ್ಸಾಸ್ಟ್ ಕಡೆ ಮಾತ್ರ ಕೆಟ್ಟಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆಗಿ ಇಂಜಿನ್ ಕಾದಿದೆ. ಪಿಸ್ಟನ್ನಿನ ಅತಿ ಬಿಸಿ ಭಾಗ ಅದೇ. ಸುತ್ತಲೂ ಒಂದೇ ಸಮ ಗೀರಿದ್ದರೆ ಸಿಲಿಂಡರಿಗೆ ಆಯಿಲ್ ತಲುಪಿಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ಪಟ್ಟೆ ಇದ್ದರೆ, ತಣ್ಣಗಿರುವ ಇಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಪೂರ್ತಿ ಥ್ರಾಟಲ್ ಕೊಟ್ಟಿದ್ದಾರೆ. ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸಿಲಿಂಡರ್ ಇನ್ನೂ ತಣ್ಣಗಿರುವಾಗ ಪಿಸ್ಟನ್ ಬೇಗ ಕಾದು ಉಬ್ಬಿದರೆ ಜಾಗ ಸಾಲದೆ ಕಚ್ಚಿಕೊಳ್ಳುತ್ತದೆ. ಪಿಸ್ಟನ್ ತಲೆಯ ಅಂಚು ಇಲಿ ಕಡಿದಂತೆ ತಿಂದುಹೋಗಿದ್ದರೆ, ಇಲ್ಲವೇ ನಡುವೆ ತೂತು ಬಿದ್ದಿದ್ದರೆ ಪೆಟ್ರೋಲ್ ಉರಿಯುವ ಹೊತ್ತೇ ತಪ್ಪಿತ್ತು. ಆಗ ಪೆಟ್ರೋಲ್, ಪ್ಲಗ್, ಟೈಮಿಂಗ್ ಎಲ್ಲ ನೋಡಬೇಕು. ಇನ್ನು ಗೀರೇ ಇಲ್ಲ, ಸಿಲಿಂಡರ್ ಗೋಡೆಯಲ್ಲಿ ಕೆಂಪು ಪಟ್ಟೆ ಇದೆ ಎಂದರೆ ಅದು ನಿಂತು ನಿಂತು ಹಿಡಿದ ತುಕ್ಕು.

ನಿಮ್ಮ ಗಾಡಿ ಎರಡು ವರ್ಷ ನಿಂತಿದ್ದರಿಂದ ನನಗೆ ಹೆಚ್ಚು ಅನುಮಾನ ಈ ತುಕ್ಕಿನ ಮೇಲೆಯೇ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗೆ ನಿಂತ ಸಿಲಿಂಡರಿನ ಕಿಟಕಿ ತೆರೆದಿರುತ್ತದೆ, ತೇವದ ಗಾಳಿ ಒಳಗೆ ಹೋಗಿಬರುತ್ತದೆ. ರಿಂಗ್ ನಿಂತಲ್ಲೇ ಗೋಡೆಗೆ ಅಂಟಿಕೊಳ್ಳುತ್ತದೆ. ಇದನ್ನು ಬಿಡಿಸಬಹುದು, ಆದರೆ ತಾಳ್ಮೆ ಬೇಕು.

ಪ್ಲಗ್ ತೂತಿನಿಂದ ಎರಡೂ ಸಿಲಿಂಡರಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಆಟೋಮ್ಯಾಟಿಕ್ ಗೇರಿನ ಆಯಿಲ್ ಮತ್ತು ಅಸಿಟೋನ್ ಅರ್ಧಕ್ಕರ್ಧ ಸೇರಿಸಿದ್ದನ್ನು ಹಲವು ಮೆಕ್ಯಾನಿಕ್‌ಗಳು ಬಳಸುತ್ತಾರೆ. ನಾನೂ ಬಳಸುತ್ತೇನೆ. ಅಸಿಟೋನಿಗೆ ಬೆಂಕಿ ಬೇಗ ಹತ್ತುತ್ತದೆ, ಹಾಗಾಗಿ ಬಯಲಿನಲ್ಲೇ ಕೆಲಸ ಮಾಡಿ. ಎಣ್ಣೆ ಬೇಗ ಕಾಣೆಯಾಯಿತು ಎಂದು ಖುಷಿಪಡಬೇಡಿ. ಪಿಸ್ಟನ್ ಕೆಳಗಿದ್ದರೆ ಕಿಟಕಿ ತೆರೆದಿರುವುದರಿಂದ ಎಣ್ಣೆ ರಿಂಗಿನ ಸುತ್ತ ಇಳಿಯದೆ ನೇರ ಎಕ್ಸಾಸ್ಟಿಗೆ ಹರಿದಿರುತ್ತದೆ. ಮೂರು ದಿನ, ಬೇಕಾದರೆ ಒಂದು ವಾರ, ದಿನಾ ಸ್ವಲ್ಪ ಹಾಕುತ್ತಾ ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿ. ಒಂದು ಡಿಗ್ರಿ ಅಲುಗಿದರೂ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಬರದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ ತಲೆಯ ಮೇಲೆ ಗಟ್ಟಿ ಮರದ ತುಂಡು ಇಟ್ಟು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬಹುದು. ಆದರೆ ಪಿಸ್ಟನ್ ಎಲ್ಲಿದೆ ಎಂದು ನೋಡಿ ತಟ್ಟಿ. ಇಂಥ ಎರಡು ಸಿಲಿಂಡರಿನ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಒಂದು ಪಿಸ್ಟನ್ ಪೂರ್ತಿ ಮೇಲಿದ್ದರೆ ಇನ್ನೊಂದು ಪೂರ್ತಿ ಕೆಳಗಿರುತ್ತದೆ. ಆ ಸ್ಥಿತಿಯಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ (ಇಂಜಿನ್ನಿನ ತಿರುಗುವ ಮುಖ್ಯ ಶಾಫ್ಟ್) ಜೋಡಿಸುವ ಕನೆಕ್ಟಿಂಗ್ ರಾಡ್ ನೆಟ್ಟಗಿರುತ್ತದೆ. ಎಷ್ಟು ತಟ್ಟಿದರೂ ಕ್ರ್ಯಾಂಕ್ ತಿರುಗುವುದಿಲ್ಲ, ಪೆಟ್ಟೆಲ್ಲ ಬೇರಿಂಗಿಗೆ ಹೋಗುತ್ತದೆ. ಆಗ ಸಿಲಿಂಡರನ್ನೇ ಮೇಲಕ್ಕೆ ಎತ್ತಿ ತೆಗೆಯಬೇಕು.

ಈಗ ಆ ಉದ್ದ ಪೈಪಿನ ವಿಷಯ. ಈ ಇಂಜಿನ್ನುಗಳ ಕ್ರ್ಯಾಂಕ್ ಒಂದೇ ತುಂಡಿನದಲ್ಲ. ಹಲವು ತುಂಡುಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿರುತ್ತಾರೆ. ಸೀಜ್ ಆದ ಪಿಸ್ಟನ್ ಒಂದು ತುದಿಯನ್ನು ಹಿಡಿದಿರುವಾಗ ಇನ್ನೊಂದು ತುದಿಗೆ ಉದ್ದ ಪೈಪಿನ ಬಲ ಬಿದ್ದರೆ ಒತ್ತಿ ಕೂರಿಸಿದ ಜಾಗದಲ್ಲೇ ಅದು ಜಾರುತ್ತದೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನೇ ಇದನ್ನು ಮಾಡಿದ್ದೆ. ಪೈಪಿಗೆ ಮೈಭಾರ ಬಿಟ್ಟೆ, ‘ಟಕ್’ ಎಂದು ಬಿಟ್ಟುಕೊಂಡಿತು, ಇಂಜಿನ್ ಸ್ಟಾರ್ಟೂ ಆಯಿತು. ಆದರೆ ಹ್ಯಾಂಡಲ್ ಹಿಡಿಯಲಾಗದಷ್ಟು ನಡುಗುತ್ತಿತ್ತು, ಒಂದು ಸಿಲಿಂಡರ್ ಕೆಮ್ಮುತ್ತಿತ್ತು. ಬಿಚ್ಚಿ ನೋಡಿದರೆ ಕ್ರ್ಯಾಂಕ್ ತಿರುಚಿಕೊಂಡು ಎರಡು ಸಿಲಿಂಡರಿನ ಟೈಮಿಂಗ್ ಬೇರೆ ಬೇರೆ ಆಗಿತ್ತು. ಪಿಸ್ಟನ್, ರಿಂಗ್ ಹಾಕಿದ್ದರೆ ಮುಗಿಯುತ್ತಿದ್ದ ಕೆಲಸ ಅದು. ಗಾಡಿಯವರಿಗೆ ಕ್ರ್ಯಾಂಕಿನ ಖರ್ಚು ಬಿತ್ತು. ಆ ಬೇಸರ ನನಗೆ ಇವತ್ತಿಗೂ ಇದೆ.

ಇಂಜಿನ್ ಬಿಟ್ಟುಕೊಂಡಿತು ಎಂದುಕೊಳ್ಳೋಣ. ಕೂಡಲೇ ಓಡಿಸಬೇಡಿ. ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಎಷ್ಟು ಒತ್ತಡಕ್ಕೆ ಕುಗ್ಗುತ್ತದೆ ಎಂಬುದನ್ನು, ಪ್ಲಗ್ ತೂತಿಗೆ ಗೇಜ್ ಸಿಕ್ಕಿಸಿ ನೋಡಿ. ಎರಡೂ ಪ್ಲಗ್ ಬಿಚ್ಚಿ, ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ಹಿಡಿದು, ಒಳ್ಳೆಯ ಬ್ಯಾಟರಿಯಲ್ಲಿ ಗೇಜಿನ ಮುಳ್ಳು ನಿಲ್ಲುವ ತನಕ ಸೆಲ್ಫ್ ಹೊಡೆಯಿರಿ. ಆ ಕಾಲದ ಬಹಳಷ್ಟು ಇಂಜಿನ್ನುಗಳಲ್ಲಿ 150 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ಬಂದರೆ ಆರೋಗ್ಯವಾಗಿದೆ ಎಂದರ್ಥ. ಸರಿಯಾದ ಅಂಕಿ ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. 120ಕ್ಕಿಂತ ಕಡಿಮೆ ಬಂದರೆ ಬಿಚ್ಚಲೇಬೇಕು. ಎರಡೂ ಸಿಲಿಂಡರಿನ ನಡುವೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೂ ಬಿಚ್ಚಿ. ಹೆಡ್ ತೆಗೆದಿದ್ದರೆ ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸಿ ರಾಡಿನಲ್ಲಿ ಸಡಿಲ ಇದೆಯಾ, ಕ್ರ್ಯಾಂಕ್ ತಿರುಗಿಸಿದಾಗ ಬೇರಿಂಗ್ ಕರಕರ ಎನ್ನುತ್ತದೆಯಾ ನೋಡಿ. ನೀರು ಹೋದ ಇಂಜಿನ್ನಿನಲ್ಲಿ ಮೇಲಿನ ಭಾಗ ಹೊಳೆಯುತ್ತಿದ್ದರೂ ಕೆಳಗಿನ ಬೇರಿಂಗ್ ತುಕ್ಕಿನ ಗೂಡಾಗಿರುತ್ತದೆ. ನೀರು ಇಳಿದು ನಿಲ್ಲುವುದು ಅಲ್ಲೇ. ಉಪ್ಪು ನೀರಾದರೆ ಇನ್ನೂ ಬೇಗ.

ತುಕ್ಕಿನ ಬದಲು ಪಿಸ್ಟನ್ ಕಚ್ಚಿದ ಗುರುತು ಸಿಕ್ಕಿದರೆ, ಕಾರಣ ಸಿಗುವ ತನಕ ಹೊಸ ಪಿಸ್ಟನ್ ಹಾಕಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಹೊಸ ಪಿಸ್ಟನ್, ರೀಬೋರ್ (ಸಿಲಿಂಡರನ್ನು ಒಳಗಿನಿಂದ ಸ್ವಲ್ಪ ದೊಡ್ಡದಾಗಿ ಕೊರೆಯುವುದು) ಎಲ್ಲ ಮಾಡಿಸಿ, ಮೊದಲ ಓಟದಲ್ಲೇ ಮತ್ತೆ ಸೀಜ್ ಮಾಡಿಕೊಂಡು ಬಂದವರನ್ನು ಕಂಡಿದ್ದೇನೆ. ಅಂಥ ಒಂದು ಗಾಡಿಯ ಕಾರ್ಬೊರೇಟರ್ ಬಿಚ್ಚಿದಾಗ ಒಳಗಿನ ಸಣ್ಣ ಜಾಲರಿ ಫಿಲ್ಟರಿನ ಮೇಲೆ ಹಸಿರು ಅಂಟು ಕೂತಿತ್ತು, ಒಣಗಿದ ಪಾಚಿಯ ಹಾಗೆ. ಆ ಕಾಲದ ಕೆಲವು ಗಾಡಿಗಳಲ್ಲಿ ಬಂದ ಬೂದು ಬಣ್ಣದ ಪೆಟ್ರೋಲ್ ಪೈಪುಗಳು ಹಳೆಯದಾದಂತೆ ಒಳಗಿನಿಂದ ಕರಗಿ ಈ ಅಂಟು ಬಿಡುತ್ತವೆ. ನಿಧಾನಕ್ಕೆ ಓಡಿಸುವಾಗ ಗೊತ್ತೇ ಆಗುವುದಿಲ್ಲ. ಪೂರ್ತಿ ಥ್ರಾಟಲ್ ಕೊಟ್ಟಾಗ ಪೆಟ್ರೋಲ್ ಸಾಲದೆ ಪಿಸ್ಟನ್ ಕಾಯುತ್ತದೆ. ನಿಮ್ಮ ಗಾಡಿಯಲ್ಲಿ ಬೂದು ಪೈಪ್ ಕಂಡರೆ ಇಂಜಿನ್ ಚೆನ್ನಾಗಿದ್ದರೂ ಎಲ್ಲವನ್ನೂ ತೆಗೆದು ಪೆಟ್ರೋಲಿಗೆ ಅಂತಲೇ ಬರುವ ಕಪ್ಪು ಪೈಪ್ ಹಾಕಿಸಿ, ಕಾರ್ಬೊರೇಟರಿಗೆ ಹೊಸ ಡಯಾಫ್ರಾಮ್ ಕಿಟ್ ಹಾಕಿಸಿ.

ಆಯಿಲ್ ಪಂಪಿನ ಪೈಪಿನಲ್ಲಿ ಗಾಳಿ ಗುಳ್ಳೆ ಇದೆಯಾ, ಆಯಿಲ್ ಫಿಲ್ಟರ್ ಕಟ್ಟಿದೆಯಾ, ಪಂಪಿನ ಲಿವರಿನ ಗುರುತು ಸರಿಯಾಗಿ ಕೂಡುತ್ತದೆಯಾ ನೋಡಿ. ಕ್ರ್ಯಾಂಕ್ ಸೀಲ್ ಹೋಗಿದ್ದರೆ ಅಲ್ಲಿಂದ ಗಾಳಿ ಎಳೆದುಕೊಂಡೂ ಇಂಜಿನ್ ಕಾಯುತ್ತದೆ. ಎಲ್ಲ ದಾರಿ ಮುಚ್ಚಿ 6ರಿಂದ 8 ಪಿಎಸ್‌ಐ ಗಾಳಿ ತುಂಬಿ ಕೆಲವು ನಿಮಿಷ ನಿಲ್ಲುತ್ತದೆಯಾ ಎಂದು ನೋಡಿದರೆ ಗೊತ್ತಾಗುತ್ತದೆ. ಸೋಪಿನ ನೀರು ಹಚ್ಚಿದರೆ ಸೋರುವ ಜಾಗ ಗುಳ್ಳೆ ಬಿಡುತ್ತದೆ. ತಂಪು ಮಾಡುವ ನೀರಿನ ದಾರಿಯಲ್ಲಿ ಮರಳು ಕಟ್ಟಿದೆಯಾ ಎಂಬುದನ್ನೂ ಬಿಡಬೇಡಿ.

ದುಡ್ಡು ಹಾಕುವುದು ಸರಿಯೇ ಎಂದು ಕೇಳಿದಿರಿ. ಬ್ಯಾಟರಿ, ಸೆಲ್ಫ್, ಪಂಪ್, ನೀರು, ಇವುಗಳಲ್ಲಿ ಒಂದಾಗಿದ್ದರೆ ಯೋಚನೆಯೇ ಬೇಡ, ಮಾಡಿಸಿ. ರಿಂಗ್ ಅಂಟಿದ್ದು ಬಿಟ್ಟುಕೊಂಡು, ಬೋರ್ (ಸಿಲಿಂಡರಿನ ಒಳಮೈ) ಚೆನ್ನಾಗಿದ್ದರೆ ಹೋನಿಂಗ್ ಮಾಡಿಸಿ, ಅಂದರೆ ಒಳಮೈಯನ್ನು ತೆಳುವಾಗಿ ಉಜ್ಜಿಸಿ, ಹೊಸ ರಿಂಗ್ ಹಾಕಿದರೆ ಸಾಕಾಗಬಹುದು. ಪಿಸ್ಟನ್ ಕಚ್ಚಿ ಬೋರ್ ಗೀರಿದ್ದರೂ, ಕೆಳಗಿನ ಬೇರಿಂಗ್ ಗಟ್ಟಿ ಇದ್ದರೆ ರೀಬೋರ್ ಮಾಡಿಸುವುದು ಲಾಭವೇ. ಆದರೆ ಕ್ರ್ಯಾಂಕೂ ಹೋಗಿ, ಬೋರೂ ಹೋಗಿ, ಪೈಪು ಕಾರ್ಬೊರೇಟರ್ ಎಲ್ಲ ಹಳೆಯದಾಗಿದ್ದರೆ, ರಿಪೇರಿಯ ಲೆಕ್ಕವನ್ನು ಕೆಲಸ ಮಾಡುತ್ತಿರುವ ಅದೇ ಮಾಡೆಲಿನ ಇನ್ನೊಂದು ಗಾಡಿಯ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿ. ನಾನಾದರೆ ಆಗ ಬಿಡುತ್ತೇನೆ, ಇದ್ದದ್ದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳುತ್ತೇನೆ.

ರಿಪೇರಿ ಮಾಡಿಸಿದರೆ ಮೊದಲ ಟ್ಯಾಂಕ್ ಪೆಟ್ರೋಲಿಗೆ ಆಯಿಲ್ ಪಂಪ್ ಇದ್ದರೂ ಬೇರೆಯಾಗಿ ಟೂ ಸ್ಟ್ರೋಕ್ ಆಯಿಲ್ ಬೆರೆಸಿ, ಲೀಟರಿಗೆ 20 ಮಿಲಿ. ಹೊಗೆ ಜಾಸ್ತಿ ಬರುತ್ತದೆ, ಬರಲಿ. ಆ ಟ್ಯಾಂಕ್ ಮುಗಿಯುವ ತನಕ ಒಂದೇ ವೇಗದಲ್ಲಿ ಹಿಡಿದಿಡದೆ ಏರಿಸುತ್ತಾ ಇಳಿಸುತ್ತಾ ಓಡಿಸಿ. ದಡಕ್ಕೆ ಬಂದ ಮೇಲೆ ಆಯಿಲ್ ಟ್ಯಾಂಕಿನ ಮಟ್ಟ ಇಳಿದಿದೆಯಾ ನೋಡಿ. ಇಳಿದಿದ್ದರೆ ಪಂಪ್ ಕೆಲಸ ಮಾಡುತ್ತಿದೆ. ಓಡಿಸುವ ಮುಂಚೆ ಟ್ಯಾಂಕಿನ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟಿದ್ದರೆ ಇದು ಸುಲಭ.